ಸ್ಕೆಲ್‌ಬೆಕ್ ಕ್ಲಬ್ಬಿನ ಇತಿಹಾಸವೂ ಒಂದು ಎಲೆಕೋಸೂ

ಹೊರೇಸ್ ಬಟರ್‌ವರ್ತ್ ಇತಿಹಾಸಕಾರನಾದದ್ದು ಒಂದು ಕುರ್ಚಿಯ ದೆಸೆಯಿಂದ.

ಸ್ಕೆಲ್‌ಬೆಕ್ ಟೌನ್ ಫುಟ್‌ಬಾಲ್ ಕ್ಲಬ್ಬಿನ ಸಮಿತಿ ಸಭೆಗೆ ಅವನು ಆ ಸಂಜೆ ತಡವಾಗಿ ಬಂದ. ಬಾಗಿಲ ಪಕ್ಕದ ಒಂದು ಕುರ್ಚಿ ಮಾತ್ರ ಖಾಲಿಯಿತ್ತು. ಕುಳಿತ. ಆ ಕುರ್ಚಿ ಕ್ಲಬ್ಬಿನ ನೂರನೇ ವರ್ಷದ ಇತಿಹಾಸಕಾರನಿಗೆಂದು ಮೀಸಲಾಗಿತ್ತೆಂದೂ, ಅದೇ ಕಾರಣಕ್ಕೆ ಉಳಿದವರೆಲ್ಲ ಎದುರಿನ ಬೆಂಚಿನ ಮೇಲೆ ಉಸಿರು ಕಟ್ಟಿಕೊಂಡು ಒತ್ತಿ ಕುಳಿತಿದ್ದರೆಂದೂ ಅವನಿಗೆ ತಿಳಿಯುವಷ್ಟರಲ್ಲಿ ಅಧ್ಯಕ್ಷ ಸೆಫ್ಟನ್ ಕ್ಲೆಗ್ ಮೇಜು ಗುದ್ದಿ, "ಒಪ್ಪಿಗೆ ಇದ್ದೋರು ಕೈ ಎತ್ತಿ" ಎಂದಿದ್ದ. ಹೊರೇಸ್ ತನ್ನ ಕನ್ನಡಕ ಎಲ್ಲಿ ಹೋಯಿತೆಂದು ಹಣೆ ತಡವಿಕೊಂಡ.

"ಅಭ್ಯರ್ಥೀನೂ ಕೈ ಎತ್ತಿದಾನೆ. ಸರ್ವಾನುಮತ!" ಎಂದ ಕ್ಲೆಗ್. ಅವನದು ಊರಿನ ಮಾಂಸದಂಗಡಿ. ಏನನ್ನೇ ಆಗಲಿ ಒಂದೇ ಏಟಿಗೆ ತುಂಡು ಮಾಡಿ ಮುಗಿಸುವುದು ಕಸುಬಿನಿಂದ ಬಂದ ಅಭ್ಯಾಸ.

ಹೊರೇಸನ ಕಸುಬೂ ಈ ಹುದ್ದೆಗೆ ಹೊಂದುವಂಥದೇ ಎಂದು ಸಮಿತಿ ಸಮಾಧಾನಪಟ್ಟುಕೊಂಡಿತು. ಜನ ಬಸ್ಸಿನಲ್ಲಿ ಮರೆತುಹೋದ ಛತ್ರಿ, ಕೈಚೀಲ, ಹಲ್ಲಿನ ಸೆಟ್ಟುಗಳನ್ನು ಡಿಪೋದಲ್ಲಿ ಕಾಪಾಡುವ ಗುಮಾಸ್ತ ಅವನು. ಒಮ್ಮೆ ತನ್ನದೇ ಛತ್ರಿ ಕಳೆದಾಗ ಕಿಟಕಿಯ ಹೊರಗೆ ಹೋಗಿ ನಿಂತು, ಒಳಗೆ ಯಾರೂ ಇಲ್ಲವಲ್ಲ ಎಂದು ಗೊಣಗುತ್ತ ಬಹಳ ಹೊತ್ತು ಕಾದಿದ್ದ. ಮದುವೆಯಾಗಿರಲಿಲ್ಲ, ಅಕ್ಕ ಹಿಲ್ಡಾಳ ಜೊತೆ ವಾಸ. ವಾರದ ಉಳಿದ ದಿನಗಳು ಶನಿವಾರಕ್ಕೆ ಹಾಸಿದ ಮೆಟ್ಟಿಲುಗಳೆಂದು ಅವನು ತಿಳಿದಿದ್ದ. ಶನಿವಾರವೆಂದರೆ ಸ್ಕೆಲ್‌ಬೆಕ್ ಟೌನ್.

ಇಂಗ್ಲೆಂಡಿನ ಫುಟ್‌ಬಾಲನ್ನು ಒಂದು ಏಣಿಯೆಂದುಕೊಂಡರೆ, ಸ್ಕೆಲ್‌ಬೆಕ್ ಟೌನ್ ಇದ್ದದ್ದು ಅದರ ಯಾವ ಮೆಟ್ಟಿಲ ಮೇಲೂ ಅಲ್ಲ. ಏಣಿಯ ಬುಡ ಹಿಡಿದುಕೊಂಡು ನಿಂತವನ ಪಕ್ಕದಲ್ಲಿ. ಅಂಥ ಕ್ಲಬ್ಬಿಗೂ ನೂರು ವರ್ಷ ತುಂಬುತ್ತಿತ್ತು. ಆದರೆ ತೋರಿಸಲು ಏನೂ ಇರಲಿಲ್ಲ. ಗೆದ್ದ ಕಪ್‌ಗಳನ್ನು ನೆರೆ ಬಂದ ಹೊಳೆ ಕೊಂಡುಹೋಗಿತ್ತು. ಹೊಳೆ ಬಿಟ್ಟ ಫೋಟೋಗಳು ಕ್ಲಬ್ಬಿನ ಷೆಡ್ಡಿಗೆ ಬೆಂಕಿ ಬಿದ್ದಾಗ ಸುಟ್ಟುಹೋಗಿದ್ದವು. ಉಳಿದದ್ದು ಒಂದು ಕಥೆ ಮಾತ್ರ.

ಅದು ಊರಿನ ಮಕ್ಕಳಿಗೂ ಬಾಯಿಪಾಠ. ಮೂವತ್ತು ವರ್ಷಕ್ಕೂ ಹಿಂದೆ, ಕಪ್ ಪಂದ್ಯಕ್ಕೆಂದು ಏಣಿಯ ತುತ್ತತುದಿಯಿಂದ ಒಂದು ದೊಡ್ಡ ತಂಡ ಸ್ಕೆಲ್‌ಬೆಕ್ಕಿಗೆ ಇಳಿದು ಬಂದು, ಕೆಸರಿನಲ್ಲಿ ಜಾರಿ, ಒಂದು ಗೋಲಿನಿಂದ ಸೋತು ವಾಪಸಾಗಿತ್ತು. ಕೊನೆಯ ವಿಸಿಲ್ ಊದಿದಾಗ ಚೆಂಡು ಇದ್ದದ್ದು ಯುವಕ ಕ್ಲೆಗ್‌ನ ಕಾಲ ಬಳಿ. ಸಂತೋಷ ತಡೆಯಲಾರದೆ ಅವನು ಅದನ್ನು ಆಕಾಶಕ್ಕೆ ಒದ್ದ. "ದೇವರಿಗೇ ಪಾಸ್ ಕೊಟ್ಟೆ ಕಣಯ್ಯಾ" ಎಂದು ಇವತ್ತಿಗೂ ಅಂಗಡಿಯಲ್ಲಿ ಚಾಕು ಮಸೆಯುತ್ತ ಹೇಳುತ್ತಾನೆ. ದೇವರು ಅದನ್ನು ಹಿಡಿಯಲಿಲ್ಲ. ಚೆಂಡು ಮೈದಾನದ ಮೇಲ್ತುದಿಯ ಗೋಲಿನ ಹಿಂದಿದ್ದ ಗೋಡೆ ದಾಟಿ, ಮಿಸೆಸ್ ಆಲರನ್‌ಶಾ ಅವರ ಹಿತ್ತಿಲಿಗೆ ಬಿತ್ತು.

ಅಲ್ಲಿಂದೀಚೆಗೆ ಆ ಗೋಡೆ ದಾಟಿದ ಒಂದು ಚೆಂಡೂ ಹಿಂದೆ ಬಂದದ್ದಿಲ್ಲ. ಮಿಸೆಸ್ ಆಲರನ್‌ಶಾ ಅವನ್ನು ಬ್ರೆಡ್ಡಿನ ಚಾಕುವಿನಿಂದ ಸೀಳುತ್ತಾರೆಂದು ಕೆಲವರು, ಅದೇ ಚರ್ಮದಲ್ಲಿ ಚಪ್ಪಲಿ ಹೊಲಿದುಕೊಳ್ಳುತ್ತಾರೆಂದು ಕೆಲವರು. ಕ್ಲಬ್ಬು ಕಾಗದ ಬರೆಯಿತು, ಪೊಲೀಸಿನವನನ್ನು ಕಳಿಸಿತು, ಗೋಡೆ ಹತ್ತಿಸಿತು. ಕೊನೆಗೆ ಆಕೆಯ ಜೊತೆ ಯಾರೂ ಮಾತಾಡತಕ್ಕದ್ದಲ್ಲ ಎಂದು ನಿರ್ಣಯ ಮಾಡಿ, ಅದನ್ನೇ ಒಂದು ಗೆಲುವೆಂದು ಆಚರಿಸಿತು.

ಆ ಶರತ್ಕಾಲದಲ್ಲಿ ಪಕ್ಕದೂರಿನ ರೇವನ್ಸ್‌ಬಿ ರೋವರ್ಸ್ ಕ್ಲಬ್ಬಿನವರ ಜೊತೆ ವಾರ್ಷಿಕ ಪೈ ಊಟ, ಅಂದರೆ ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಕಡುಬಿನ ಊಟ, ನಡೆಯಿತು. ರೇವನ್ಸ್‌ಬಿಯ ಇತಿಹಾಸಕಾರ ಮಿಸ್ಟರ್ ಲೋಮ್ಯಾಕ್ಸ್, ನಿವೃತ್ತ ಹೆಡ್‌ಮಾಸ್ಟರ್. ಪೈಯನ್ನು ಕೂಡ ತಪ್ಪು ಹುಡುಕುವವರಂತೆ ತಿನ್ನುತ್ತಿದ್ದರು.

"ನಮ್ಮಲ್ಲಿ ಮೊದಲ ಕ್ಯಾಪ್ಟನ್ನಿನ ಬೂಟಿದೆ, ಗಾಜಿನ ಪೆಟ್ಟಿಗೇಲಿ. ಟೋಪಿ ಇದೆ. ಮೀಸೆಗೆ ಹಾಕ್ತಿದ್ದ ಮೇಣದ ಡಬ್ಬಿ ಕೂಡ ಇದೆ. ನಿಮ್ಮಲ್ಲಿ ಏನಿದೆ, ಬಟರ್‌ವರ್ತ್?" ಎಂದರು.

ಹೊರೇಸ್ ಅಷ್ಟರಲ್ಲಿ ಎರಡು ಲೋಟ ಶೆರ್ರಿ ವೈನ್ ಕುಡಿದಿದ್ದ. ಸಾಮಾನ್ಯವಾಗಿ ಅವನು ಕುಡಿಯುತ್ತಿದ್ದದ್ದು ಅರ್ಧ ಲೋಟ, ಅದೂ ಕ್ರಿಸ್‌ಮಸ್‌ಗೆ.

"ಚೆಂಡಿದೆ" ಎಂದ.

ಲೋಮ್ಯಾಕ್ಸ್ ಫೋರ್ಕು ಕೆಳಗಿಟ್ಟರು.

"ಯಾವ ಚೆಂಡು?"

"ಆ ಚೆಂಡೇ. ಕಪ್ ಪಂದ್ಯದ ಚೆಂಡು. ನನ್ನ ಹತ್ರ ಇದೆ. ಭದ್ರವಾಗಿದೆ."

ಕ್ಲೆಗ್ ಎದ್ದು ಬಂದು ಅವನನ್ನು ಅಪ್ಪಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. "ನನ್ನ ಚೆಂಡು ಹುಡುಕಿದೀಯಾ! ಎಷ್ಟು ದಿನದಿಂದ ಬಾಯಿ ಮುಚ್ಕೊಂಡಿದ್ದೆ ಕಳ್ಳ!"

ಲೋಮ್ಯಾಕ್ಸ್ ನಿಧಾನವಾಗಿ ಬಾಯಿ ಒರೆಸಿಕೊಂಡರು. "ನಿಮ್ಮ ನೂರನೇ ವರ್ಷದ ಪಂದ್ಯ ನಮ್ಮ ಜೊತೆ ತಾನೆ? ಅವತ್ತು ಮೇಯರ್ ಎದುರು ತೋರಿಸಿ. ತೋರಿಸಿದ್ರೆ ನಿಮ್ಮ ಕೆಂಪು ಮಫ್ಲರ್ ಹಾಕ್ಕೊಂಡು ನಿಮ್ಮ ಕ್ಲಬ್ಬಿಗೆ ಜೈ ಅಂತೀನಿ. ಇಲ್ಲಾಂದ್ರೆ ಸ್ಕೆಲ್‌ಬೆಕ್ಕಿಗೆ ಇತಿಹಾಸವೇ ಇಲ್ಲ ಅಂತ ನೀವೇ ಮೈಕಿನಲ್ಲಿ ಹೇಳಬೇಕು."

"ಅದೇನಾದ್ರೂ ಆದ್ರೆ," ಕ್ಲೆಗ್ ಖುಷಿಯಿಂದಲೇ ಹೊರೇಸನ ಬೆನ್ನು ಗುದ್ದಿದ, "ಇವನನ್ನ ಮೈದಾನದ ಗೇಟು ಕೂಡ ದಾಟೋಕೆ ಬಿಡಲ್ಲ. ಜೀವ ಇರೋವರೆಗೂ! ಏನಂತೀಯ ಹೊರೇಸ್?"

ಜೀವ ಇರುವವರೆಗೂ ಶನಿವಾರವಿಲ್ಲ. ಹೊರೇಸ್ ಮೂರನೇ ಲೋಟ ಕೇಳಿದ.

ಬೆಳಿಗ್ಗೆ ತಲೆನೋವಿನ ಜೊತೆ ಒಂದು ಸತ್ಯವೂ ಎದ್ದು ಕುಳಿತಿತ್ತು. ಚೆಂಡು ಎಲ್ಲಾದರೂ ಇದ್ದರೆ ಅದು ಇರುವುದು ಗೋಡೆಯಾಚೆ. ಅವನು ಚರ್ಚಿಗೆ ಹಾಕುವ ಸೂಟು ತೊಟ್ಟ. ಬರಿಗೈಯಲ್ಲಿ ಹೋಗುವುದು ಮರ್ಯಾದೆಯಲ್ಲವೆಂದು ಸೇವಂತಿಗೆಯ ಒಂದು ಗೊಂಚಲು ಕೊಂಡ. ಹೋಗಿ ಮಿಸೆಸ್ ಆಲರನ್‌ಶಾ ಅವರ ಮುಂಬಾಗಿಲು ತಟ್ಟಿದ.

ಬಾಗಿಲು ತೆರೆಯಿತು. ಕುಳ್ಳಗೆ, ನೆಟ್ಟಗೆ, ಏಪ್ರನ್ ಕಟ್ಟಿಕೊಂಡ ಮುದುಕಿ. ಮೊದಲು ಅವನನ್ನು ನೋಡಿದರು, ಆಮೇಲೆ ಹೂವನ್ನು, ಆಮೇಲೆ ಅವನ ಬೂಟನ್ನು.

"ಕಾಲು ಒರೆಸ್ಕೊಂಡು ಬಾ."

ಚಹಾ ಕೊಟ್ಟರು, ಶುಂಠಿ ಬಿಸ್ಕತ್ತು ಕೊಟ್ಟರು. ಎದುರಿಗೆ ಕುಳಿತು ಕಾದರು.

"ಮಳೆ ಬರೋ ಹಾಗಿದೆ" ಎಂದ ಹೊರೇಸ್.

"ಇದೆ."

"ಬರ್ದೇನೂ ಇರಬಹುದು."

"ಇರಬಹುದು."

ಅಷ್ಟು ಹೇಳಿ ಅವನು ಎದ್ದುಬಂದ. ಧೈರ್ಯವೆಲ್ಲ ಬೂಟಿನ ಕೆಸರಿನ ಜೊತೆ ಹೊಸಿಲಲ್ಲೇ ಉಳಿದಿತ್ತು. ಮತ್ತೊಂದು ಸಂಜೆ ಮತ್ತೆ ಹೋದ, ಮತ್ತೆ ಸೇವಂತಿಗೆ, ಮತ್ತೆ ಮಳೆ. ಅದರ ನಂತರದ ಸಲ ಮಳೆ ನಿಜವಾಗಿಯೂ ಬಂದಿದ್ದರಿಂದ ಮಾತಾಡಲು ಏನೂ ಉಳಿಯಲಿಲ್ಲ. ಆಕೆಯ ಗೋಡೆಗಡಿಯಾರವನ್ನು ಹೊಗಳಿ ಬಂದ.

ಆದರೆ ಎದುರುಮನೆಯ ಮಿಸೆಸ್ ಪಾಟ್ಸ್ ಅವರ ಪರದೆ ಮೊದಲ ಸಂಜೆಯಿಂದಲೇ ಕದಲಿತ್ತು. ಸೂಟು. ಹೂವು. ಕಾಲು ಒರೆಸಿದ್ದು. ಚಹಾ ಮುಗಿಯುವಷ್ಟು ಹೊತ್ತು. ಮಿಸೆಸ್ ಪಾಟ್ಸ್ ಇವನ್ನೆಲ್ಲ ಕೂಡಿಸಿ ಬೇಕರಿಯಲ್ಲಿ ಹೇಳಿದರು, ಬೇಕರಿ ಊರಿಗೆ ಹೇಳಿತು.

ಹಿಲ್ಡಾಳಿಗೆ ಸುದ್ದಿ ತಲುಪಿದಾಗ ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು. ಹೊರೇಸ್ ಮನೆಗೆ ಬರುವಷ್ಟರಲ್ಲಿ ಸಿಪ್ಪೆಯೆಲ್ಲ ಮುಗಿದು ಆಲೂಗಡ್ಡೆಯೇ ಗೋಲಿಯ ಗಾತ್ರಕ್ಕೆ ಬಂದಿತ್ತು.

"ಅವಳೇ ಸಿಕ್ಕಿದ್ಲೇನೋ ನಿನಗೆ? ಊರಲ್ಲಿ ಹೆಂಗಸರಿಗೆ ಬರಗಾಲ ಬಂದಿತ್ತಾ?"

"ಯಾರಕ್ಕಾ?"

"ನಾಟಕ ಆಡ್ಬೇಡ. ಚೆಂಡು ಸೀಳೋ ಚಾಕೂಲಿ ನಾಳೆ ನಿನ್ನನ್ನೂ ಸೀಳ್ತಾಳೆ! ಅಪ್ಪ ಅಮ್ಮ ಇದ್ದಿದ್ರೆ..." ಎಂದು ಅವಳು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ತಕ್ಷಣ ತೆಗೆದು, "ವಯಸ್ಸಾದ್ರೂ ಎಷ್ಟು ಅವಳಿಗೆ?" ಎಂದಳು.

ಹೊರೇಸನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ನಗು ಬಂತು. ನಕ್ಕು, ಇಲ್ಲ ಅಕ್ಕಾ, ನಾನು ಹೋಗಿದ್ದು... ಎಂದು ಬಾಯಿ ತೆರೆದವನಿಗೆ ಅಲ್ಲೇ ಬಾಯಿ ಕಟ್ಟಿತು. ಹೋಗಿದ್ದು ಚೆಂಡಿಗೆ ಎಂದರೆ ಚೆಂಡು ತನ್ನ ಹತ್ತಿರ ಇಲ್ಲ ಎಂದಾಗುತ್ತದೆ. ಇಲ್ಲ ಎಂದಾದರೆ ಶನಿವಾರ ಇಲ್ಲ.

"ಹೋಗಿದ್ದು?" ಎಂದಳು ಹಿಲ್ಡಾ.

"ಚಹಾಗೆ" ಎಂದ ಹೊರೇಸ್. ಅವನ ಮುಖ ಕ್ಲಬ್ಬಿನ ಮಫ್ಲರಿನ ಬಣ್ಣಕ್ಕೆ ತಿರುಗಿತು. ಹಿಲ್ಡಾಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮುಂದಿನ ಶನಿವಾರ ಮೈದಾನದ ಚಹಾ ಅಂಗಡಿಯ ಬೆರಿಲ್ ಅವನಿಗೆ ಕಾಸು ತೆಗೆದುಕೊಳ್ಳದೆ ಪೈ ಕೊಟ್ಟಳು. ಬೆರಿಲ್‌ಗೆ ಊರಿನವರೆಲ್ಲ, ಪಾದ್ರಿಯೂ ಸೇರಿ, ಚಿನ್ನ.

"ತಿನ್ನು ಚಿನ್ನಾ, ಮೈಗೆ ಶಕ್ತಿ ಬೇಕು" ಎಂದು ಕಣ್ಣು ಮಿಟುಕಿಸಿದಳು. "ಆಕೆ ಹೂವು ನೀರಿಗಿಡ್ತಾಳಾ, ಇಲ್ಲಾ ಬಿಸಾಕ್ತಾಳಾ?"

"ನೀರಿಗಿಡ್ತಾರೆ" ಎಂದ ಹೊರೇಸ್, ಸತ್ಯವಂತನಾದ್ದರಿಂದ.

"ಅಯ್ಯೋ ದೇವ್ರೇ!" ಬೆರಿಲ್ ಚಹಾದ ಕೆಟಲನ್ನು ಎದೆಗವಚಿಕೊಂಡಳು. ಬಿಸಿ ತಾಗಿ ಕೆಳಗಿಟ್ಟಳು.

ಕ್ಲೆಗ್ ಮಾತ್ರ ಬೇರೆ ಥರ ಯೋಚಿಸುವವನು. ಮೊದಲು ಇದು ದ್ರೋಹವೆಂದು ಗುಡುಗಿದ. ಅರ್ಧ ಪೈ ಹೊಟ್ಟೆಗಿಳಿದ ಮೇಲೆ ಅವನ ಕಣ್ಣು ಅರಳಿತು. ಅಂದೇ ತುರ್ತು ಸಭೆ ಕರೆದ.

"ಮಹನೀಯರೇ, ಇದನ್ನ ಹೀಗೆ ನೋಡಿ. ಹೊರೇಸ್ ಆ ಮನೆಗೆ ಅಳಿಯ ಆದ್ರೆ..."

"ಅಳಿಯ ಅಲ್ಲ, ಗಂಡ" ಎಂದರು ಕಾರ್ಯದರ್ಶಿ.

"ಏನೋ ಒಂದು. ಆ ಹಿತ್ತಿಲು ಯಾರದಾಗತ್ತೆ? ಕ್ಲಬ್ಬಿನದಾಗತ್ತೆ! ಗೋಡೆ ದಾಟಿದ ಚೆಂಡನ್ನ ಹೊರೇಸ್ ಅಡುಗೆಮನೆ ಕಿಟಕಿಯಿಂದ ಎಸೀತಾನೆ. ಇನ್ನು ಹೊಸ ಚೆಂಡೇ ಕೊಳ್ಬೇಕಾಗಿಲ್ಲ!"

ಸಮಿತಿ ಈ ಮದುವೆಗೆ ಸಂಪೂರ್ಣ ಬೆಂಬಲ ಸೂಚಿಸಿತು. ಪ್ರತಿ ಪಂದ್ಯದ ದಿನ ಲಾಟರಿ ಎತ್ತಿ ಕೊಡುತ್ತಿದ್ದ ಮಾಂಸದ ತಟ್ಟೆಯನ್ನು ಆ ವಾರ ವರನಿಗೆ ಉಡುಗೊರೆಯಾಗಿ ಕೊಡಬೇಕೆಂದು ಕ್ಲೆಗ್ ಸೂಚಿಸಿದ. ಲಾಟರಿ ಚೀಟಿ ಕೊಂಡವರ ಗಲಾಟೆಯಿಂದ ಅದು ಬಿದ್ದುಹೋಯಿತು. ಹೊರೇಸ್ ಎದ್ದುನಿಂತು ಅಂಥದೇನೂ ಇಲ್ಲವೆಂದ. ನಾಚಿಕೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಡಿಪೋದಲ್ಲಿ ಕಂಡಕ್ಟರುಗಳು ಟಿಕೆಟ್ ಹರಿದು ತಲೆಯ ಮೇಲೆ ಚೆಲ್ಲಿದರು. ಪಾದ್ರಿ ಬೀದಿಯಲ್ಲಿ ತಡೆದು, ಚರ್ಚು ವಸಂತಕ್ಕೆ ಖಾಲಿ ಇದೆ ಎಂದು ಸುಮ್ಮನೆ ಹೇಳುವವರಂತೆ ಹೇಳಿದರು.

ಪಂದ್ಯದ ವಾರ ಬಂತು. ಹೊರೇಸ್ ಕೊನೆಯ ಪ್ರಯತ್ನವೆಂದು ಸೂಟು ತೊಟ್ಟು ಹೋದ. ಈ ಸಲ ಮಿಸೆಸ್ ಆಲರನ್‌ಶಾ ಬಾಗಿಲು ತೆರೆದವರು ದಾರಿ ಬಿಡಲಿಲ್ಲ.

"ಏನಯ್ಯಾ ಬಟರ್‌ವರ್ತ್, ನಮ್ಮ ಮದುವೆ ಯಾವತ್ತಂತೆ?"

ಹೊರೇಸನ ಕೈಯಿಂದ ಸೇವಂತಿಗೆ ಬಿತ್ತು.

"ಬೇಕರೀಲಿ ಕೇಳಿದೆ. ನನಗೂ ಒಂದು ಮಾತು ಹೇಳಿದ್ರೆ ಹೊಸ ಟೋಪಿ ಕೊಂಡ್ಕೋತಿದ್ದೆ."

"ಮೇಡಂ, ದಯವಿಟ್ಟು... ನಾನು... ಅದು..."

"ಮಳೆ ಅಂದ್ರೆ ಬಾಗಿಲು ಹಾಕ್ತೀನಿ."

"ಚೆಂಡು!" ಎಂದ ಹೊರೇಸ್. ಮೂವತ್ತು ವರ್ಷದ ಹಿಂದೆ ಗೋಡೆ ದಾಟಿದ ಚೆಂಡಿನ ಮಾತೆಲ್ಲ ಒಂದೇ ಉಸಿರಿಗೆ ಹೊರಬಿತ್ತು: ಶೆರ್ರಿ, ಲೋಮ್ಯಾಕ್ಸ್, ಮೇಯರು, ಶನಿವಾರ, ಎಲ್ಲ. "ಆ ಚೆಂಡು ನಿಮ್ಮ ಹತ್ರ ಇದ್ರೆ ಕೊಡ್ತೀರಾ? ದಯವಿಟ್ಟು?"

ಮುದುಕಿ ಬಾಗಿಲ ಚೌಕಟ್ಟಿಗೆ ಒರಗಿಕೊಂಡರು.

"ಕಾಗದ ಬರೆದ್ರು. ಪೊಲೀಸ್ನೋನು ಬಂದ. ಗೋಡೆ ಹತ್ತಿ ನನ್ನ ಗುಲಾಬಿ ತುಳಿದ್ರು. ಮುಂಬಾಗಿಲು ತಟ್ಟಿ 'ಕೊಡ್ತೀರಾ' ಅಂತ ಕೇಳಿದೋನು ನೀನೇ ಮೊದಲು, ಗೊತ್ತಾ?" ಬಗ್ಗಿ ಸೇವಂತಿಗೆ ಎತ್ತಿಕೊಂಡರು. "ಅವತ್ತು ನನ್ನ ಮಗಳ ನಾಮಕರಣದ ಕೇಕು ಕಿಟಕೀಲಿ ಆರೋಕೆ ಇಟ್ಟಿದ್ದೆ. ಮೂರು ಅಂತಸ್ತು. ಚೆಂಡು ಬಂದು ಮೇಲಿನ ಅಂತಸ್ತಿಂದ ಕೆಳಗಿನ ಅಂತಸ್ತಿಗೆ ಹೋಗಿ ಕೂತ್ಕೊಳ್ತು. ಗೋಡೆಯಾಚೆ ಊರೇ ಕುಣೀತಿತ್ತು. ಒಬ್ಬ, ಒಬ್ಬನೇ ಒಬ್ಬ, ಬಂದು ತಪ್ಪಾಯ್ತು ಅನ್ನಲಿಲ್ಲ."

"ತಪ್ಪಾಯ್ತು" ಎಂದ ಹೊರೇಸ್ ತಕ್ಷಣ.

"ನೀನು ಒದ್ದೆಯಾ?"

"ಇಲ್ಲ. ಕ್ಲೆಗ್."

"ಹಾಗಾದ್ರೆ ಕ್ಲೆಗ್ ಅನ್ನಲಿ" ಎಂದು ಬಾಗಿಲು ಹಾಕಿಕೊಂಡರು. ಹೂವು ಮಾತ್ರ ಒಳಗೆ ಹೋಯಿತು.

ಕ್ಲೆಗ್ ತಪ್ಪಾಯ್ತು ಎನ್ನುವುದೆಂದರೆ! ಆ ಒದೆತವೇ ಅವನ ಬಾಳಿನ ಗೋಪುರ. ಅದಿರಲಿ, ಅವನಿಗೆ ಹೇಳುವುದಾದರೂ ಹೇಗೆ? ಹೇಳಿದರೆ ಚೆಂಡಿಲ್ಲದ್ದು ಹೊರಬೀಳುತ್ತದೆ. ಹೊರೇಸ್ ಎರಡು ದಿನ ಯೋಚಿಸಿದ. ಯೋಚನೆಯ ಫಲವಾಗಿ, ಪಂದ್ಯದ ಬೆಳಿಗ್ಗೆ ಹಿಲ್ಡಾಳ ಅಡುಗೆಮನೆಯಿಂದ ಗುಂಡಗಿನ ಒಂದು ಎಲೆಕೋಸು ಕಾಣೆಯಾಯಿತು.

ಗಾಜಿನ ಪೆಟ್ಟಿಗೆಯ ಮೇಲೆ ಕೆಂಪು ಮಫ್ಲರ್ ಮುಚ್ಚಿ ಅವನು ಅದನ್ನು ಮೈದಾನದ ಅಂಚಿನ ಮೇಜಿನ ಮೇಲಿಟ್ಟ. ಪಂದ್ಯ ಮುಗಿದ ಮೇಲೆ ಮೇಯರು ಮಫ್ಲರ್ ಎತ್ತಬೇಕು. ಅಷ್ಟರಲ್ಲಿ ಭೂಕಂಪವೋ, ಯುದ್ಧವೋ ಏನಾದರೂ ಆಗಬಹುದೆಂಬುದು ಹೊರೇಸನ ಲೆಕ್ಕಾಚಾರ. ಲೋಮ್ಯಾಕ್ಸ್ ಪೆಟ್ಟಿಗೆಯ ಪಕ್ಕದ ಕುರ್ಚಿ ಹಿಡಿದು ಕುಳಿತರು. ಒಂದೆರಡು ಸಲ ಮೂಗು ಅರಳಿಸಿ ಗಾಳಿ ಮೂಸಿದರು.

ಸ್ಕೆಲ್‌ಬೆಕ್ಕಿನ ಮೈದಾನ ಮೇಲಿಂದ ಕೆಳಕ್ಕೆ ಇಳಿಜಾರು. ಮೇಲ್ತುದಿಯಲ್ಲಿ ಗೋಡೆ, ಕೆಳತುದಿಯಲ್ಲಿ ಬೆರಿಲ್‌ಳ ಚಹಾ ಅಂಗಡಿ. ಊರಿನ ತಂಡ ಎಂದಿನಂತೆ ದ್ವಿತೀಯಾರ್ಧದಲ್ಲಿ ಇಳಿಜಾರಿನ ಕಡೆ ಆಡಿ ಎರಡಕ್ಕೆ ಒಂದು ಗೋಲಿನಿಂದ ಮುಂದಿತ್ತು. ಇದು ಲೀಗ್ ಪಟ್ಟಿಗೆ ಸೇರುವ ಪಂದ್ಯ, ಎದುರಿಗೆ ಇರುವುದು ರೇವನ್ಸ್‌ಬಿ. ಹೀಗಾಗಿ ಮುನ್ನಡೆ ಸಿಕ್ಕಿದ ಕೂಡಲೇ ಸ್ಕೆಲ್‌ಬೆಕ್ಕಿನ ಹಿಂದಿನ ಸಾಲಿನ ಆಟಗಾರರು ತಾತಂದಿರ ಕಾಲದ ಯುದ್ಧತಂತ್ರಕ್ಕೆ ಇಳಿದರು. ಕಾಲಿಗೆ ಬಂದ ಚೆಂಡನ್ನೆಲ್ಲ ಗೋಡೆಯಾಚೆಗೆ ಒದೆಯುವುದು, ಇನ್ನೊಂದು ಚೆಂಡು ತರುವಷ್ಟರಲ್ಲಿ ಹೊತ್ತು ಕಳೆಯುವುದು. ಒಂದು ಹೋಯಿತು. ಜನ ಶಿಳ್ಳೆ ಹಾಕಿದರು. ಇನ್ನೊಂದು ಹೋಯಿತು. ಜನ ಕುಣಿದರು. ಮತ್ತೊಂದು ಹೋಯಿತು.

ರೆಫರಿ ಕೈಚಾಚಿದ. "ಚೆಂಡು ಕೊಡಿ."

ಯಾರೂ ಕೊಡಲಿಲ್ಲ. ಕ್ಲಬ್ಬಿನ ಚೀಲ ತಲೆಕೆಳಗು ಮಾಡಿದಾಗ ಬಿದ್ದದ್ದು ಒಂದು ಪಂಪು ಮತ್ತು ಯಾರದೋ ಕಾಲುಚೀಲ.

"ಚೆಂಡಿಲ್ದೆ ಆಟ ಇಲ್ಲ" ಎಂದ ರೆಫರಿ. "ಇನ್ನೂ ಹತ್ತು ನಿಮಿಷ ಬಾಕಿ ಇದೆ. ರದ್ದು ಮಾಡ್ತೀನಿ. ಇನ್ನೊಂದು ದಿನ ಮೊದಲಿಂದ ಆಡಿ."

ರೇವನ್ಸ್‌ಬಿಯವರು ನಗತೊಡಗಿದರು. ಕ್ಲೆಗ್ ತಲೆಗೂದಲು ಹಿಡಿದುಕೊಂಡ. ಮರುಕ್ಷಣ ಅವನ ಮುಖ ಬೆಳಗಿತು. ಬೆಳಗಿದ್ದನ್ನು ದೂರದಿಂದಲೇ ನೋಡಿ ಹೊರೇಸ್ ಪೆಟ್ಟಿಗೆಯ ಮೇಲಿನ ಮಫ್ಲರನ್ನು ಇನ್ನಷ್ಟು ಕೆಳಕ್ಕೆ ಎಳೆದ.

"ಚೆಂಡಿದೆ!" ಕ್ಲೆಗ್ ಕೂಗಿದ. "ಇತಿಹಾಸದ ಚೆಂಡಿದೆ! ಅದರಲ್ಲೇ ಗೆಲ್ಲೋಣ! ಹೊರೇಸ್, ತಾರಯ್ಯಾ!"

"ಹೊರೇಸ್! ಹೊರೇಸ್!" ಎಂದಿತು ಮೈದಾನ.

"ಹಳೇ ಚೆಂಡು... ಗಾಳಿ ತಡಕೊಳಲ್ಲ... ವಸ್ತುಸಂಗ್ರಹದ ನಿಯಮ..." ಎಂದು ಹೊರೇಸ್ ಪೆಟ್ಟಿಗೆಗೆ ಅಡ್ಡ ನಿಂತ. ಲೋಮ್ಯಾಕ್ಸ್ ಎದ್ದು, ಎರಡು ಬೆರಳಲ್ಲಿ ಮಫ್ಲರ್ ಎತ್ತಿದರು.

ಹಿಂದಿದ್ದವರು ನೋಡಲು ತುದಿಗಾಲಲ್ಲಿ ನಿಂತರು.

"ಎಲೆಕೋಸು" ಎಂದರು ಲೋಮ್ಯಾಕ್ಸ್, ತರಗತಿಗೆ ಹೇಳುವಂತೆ.

"ನನ್ನ ಎಲೆಕೋಸು!" ಎಂದಳು ಹಿಂದಿನ ಸಾಲಿನಿಂದ ಹಿಲ್ಡಾ.

ಲೋಮ್ಯಾಕ್ಸ್ ಮೈಕು ತಂದು ಹೊರೇಸನ ಕೈಗಿಟ್ಟರು. "ಒಪ್ಪಂದ ನೆನಪಿದೆಯಲ್ಲ. ಹೇಳಿ. ಸ್ಕೆಲ್‌ಬೆಕ್ಕಿಗೆ ಇತಿಹಾಸ ಇಲ್ಲ ಅಂತ."

ಹೊರೇಸ್ ಮೈಕು ಹಿಡಿದ. ಕ್ಲೆಗ್‌ನ ಮುಖ ನೋಡಿದ. ಅದು ಅಳುವ ಮೊದಲಿನ ಮಗುವಿನ ಮುಖದಂತಿತ್ತು. ಮೇಲೆ ಗೋಡೆ ನೋಡಿದ. ಅದರಾಚೆ ಆಕೆಯ ಅಡುಗೆಮನೆಯ ಕಿಟಕಿಯ ಮೇಲ್ಭಾಗ, ಅದರಲ್ಲಿ ಒಂದು ಹೂದಾನಿ. ಹೂದಾನಿಯಲ್ಲಿ ಸೇವಂತಿಗೆ. ಗೋಡೆಯ ಕಡೆಗೇ ತಿರುಗಿದ.

"ಮಿಸೆಸ್ ಆಲರನ್‌ಶಾ" ಎಂದ. ಮೈಕು ಕಿರುಗುಟ್ಟಿತು, ಹೆಸರು ಊರೆಲ್ಲ ಕೇಳಿಸಿತು.

"ಮದುವೆಗೆ ಕೇಳ್ತಿದಾನೆ! ಈಗ್ಲೇ ಕೇಳ್ತಿದಾನೆ!" ಬೆರಿಲ್ ಕಿರುಚಿ ಪಾದ್ರಿಯ ತೋಳು ಹಿಡಿದಳು. ಪಾದ್ರಿ ಟೋಪಿ ತೆಗೆದರು.

"ಮಿಸೆಸ್ ಆಲರನ್‌ಶಾ, ನಾನು ಸುಳ್ಳು ಹೇಳಿದೆ. ಚೆಂಡು ನನ್ನ ಹತ್ರ ಇರಲಿಲ್ಲ. ನಿಮ್ಮ ಮನೆಗೆ ಬಂದಿದ್ದೂ ಅದಕ್ಕೇ. ಅಕ್ಕಾ, ಕೇಳಿಸ್ತಾ? ಅದಕ್ಕೇ. ಮೇಡಂ, ಅವತ್ತು ಕೇಕಿನ ಮೇಲೆ ಬಿದ್ದ ಚೆಂಡನ್ನ ಒದ್ದವನು ಇಲ್ಲೇ ಇದಾನೆ. ಈಗ ಮಾತಾಡ್ತಾನೆ." ಮೈಕನ್ನು ಕ್ಲೆಗ್‌ನ ಮೂಗಿನ ಕೆಳಗೆ ಹಿಡಿದ.

"ಕೇಕಾ?" ಎಂದ ಕ್ಲೆಗ್.

"ನಾಮಕರಣದ ಕೇಕು. ಮೂರು ಅಂತಸ್ತು. ನೀನು ದೇವರಿಗೆ ಕೊಟ್ಟ ಪಾಸು ಅದರೊಳಗೆ ಹೋಗಿತ್ತು."

ಕ್ಲೆಗ್‌ಗೆ ಒಬ್ಬಳೇ ಮಗಳು. ಅವಳ ನಾಮಕರಣದ ಕೇಕನ್ನು ಬೇಕರಿಯಿಂದ ತಾನೇ ಹೊತ್ತು ತಂದದ್ದು ನೆನಪಿಗೆ ಬಂದಿರಬೇಕು. ಅವನ ಕೆನ್ನೆ ಕುಸಿಯಿತು. "ಒದ್ದಿದ್ದಕ್ಕಲ್ಲ," ಎಂದ ಮೈಕಿಗೆ ಬಾಯಿ ಒತ್ತಿ, "ಒದೆತ ಚೆನ್ನಾಗೇ ಇತ್ತು. ಕೇಕಿಗೆ... ತಪ್ಪಾಯ್ತು."

"ಕೇಳಿಸ್ಲಿಲ್ಲ!" ಎಂದಿತು ಗೋಡೆಯಾಚೆಯ ದನಿ.

"ತಪ್ಪಾಯ್ತು ಮೇಡಂ!" ಎಂದು ಕ್ಲೆಗ್ ಗರ್ಜಿಸಿದ. ಕೆಳಬೀದಿಯ ನಾಯಿಗಳು ಬೊಗಳಿದವು.

ಏನೂ ಆಗಲಿಲ್ಲ. ರೆಫರಿ ವಿಸಿಲ್ ಬಾಯಿಗಿಟ್ಟುಕೊಂಡ.

ಆಗ ಗೋಡೆಯ ಮೇಲಿಂದ ಒಂದು ಚೆಂಡು ಬಂತು. ಅವತ್ತಿನದೇ, ಹೊಸದು. ಅದರ ಹಿಂದೆ ಇನ್ನೊಂದು. ಜನ ಕೂಗುವಷ್ಟರಲ್ಲಿ ಒಂದು ಕಿತ್ತಳೆ ಬಣ್ಣದ್ದು ಬಂದು ಪುಟಿಯಿತು.

"ಹಿಮದಲ್ಲಿ ಕಾಣಲಿ ಅಂತ ತಂದಿದ್ದ ಚೆಂಡು ಕಣ್ರೋ!" ಯಾರೋ ಕೂಗಿದರು. "ಆ ದೊಡ್ಡ ಹಿಮದ ವರ್ಷ ಒದ್ದಿದ್ದು! ಅದು ಹೋಗಿ ಪಂದ್ಯಾನೇ ನಿಂತಿತ್ತು!"

ಕಪ್ಪು ಬಿಳುಪಿನವು ಬಂದವು. ಬೇಲಿಗೆ ಹಸಿರು ಬಣ್ಣ ಬಳಿದ ದಿನ ಹೋದ, ಇನ್ನೂ ಹಸಿರು ಮೆತ್ತಿಕೊಂಡಿದ್ದ ಚೆಂಡು ಬಂತು. ಲೈನ್ಸ್‌ಮನ್ನಿನ ನಾಯಿ ಕಚ್ಚಿದ್ದು ಬಂತು. ಹಲ್ಲಿನ ಗುರುತು ನೋಡಿ ಮುದುಕನಾದ ಲೈನ್ಸ್‌ಮನ್ ಅತ್ತುಬಿಟ್ಟ. "ಅದು ನನ್ನ ಪೆನಾಲ್ಟಿ!" ಎಂದು ಊರುಗೋಲಿನ ಒಬ್ಬ ಬೇಲಿ ಹಾರಲು ಹೊರಟ. "ಮೂವತ್ತು ಗಜದಿಂದ ಒದ್ದಿದ್ದು!" "ಸುಳ್ಳು ಹೇಳ್ಬೇಡ, ಗೋಲು ಎದುರಿಗೇ ಇತ್ತು, ಒದ್ದಿದ್ದು ಆಕಾಶಕ್ಕೆ!" ಎಂದ ಪಕ್ಕದವನು. ಚೆಂಡುಗಳು ಬರುತ್ತಲೇ ಇದ್ದವು. ಒಂದೂ ಸೀಳಿರಲಿಲ್ಲ. ಎಲ್ಲವನ್ನೂ ತೊಳೆದು, ಒರೆಸಿ, ಗಾಳಿ ತುಂಬಿಟ್ಟಿದ್ದರು. ಇಳಿಜಾರಿನಲ್ಲಿ ಉರುಳಿ, ಆಟಗಾರರ ಕಾಲ ನಡುವೆ ನುಗ್ಗಿ, ಕೆಳಗೆ ಬೆರಿಲ್‌ಳ ಅಂಗಡಿಯ ಹಲಗೆಗೆ ಡಬಡಬ ಬಡಿದವು. ಸ್ಕೆಲ್‌ಬೆಕ್ ಕ್ಲಬ್ಬಿನ ಇತಿಹಾಸ ಪೂರ್ತಿಯಾಗಿ ತಾನೇ ಗೋಡೆ ಹಾರಿ ಮನೆಗೆ ಬಂತು.

ಆಮೇಲೆ ಗೇಟಿನ ಕಡೆ ಗದ್ದಲವಾಯಿತು. ಮಿಸೆಸ್ ಆಲರನ್‌ಶಾ ತರಕಾರಿ ಚೀಲ ಹಿಡಿದು ಬಂದಿದ್ದರು. ಗೇಟಿನವನು ಸುಮ್ಮನೆ ಒಳಗೆ ಬನ್ನಿ ಎಂದರೂ ಕೇಳದೆ, ವಯಸ್ಸಾದವರ ಟಿಕೆಟ್ ಕೊಂಡೇ ಒಳಗೆ ಬಂದರು. ತಲೆಯ ಮೇಲೆ ಹೊಸ ಟೋಪಿ ಇತ್ತು. ಜನ ದಾರಿ ಬಿಟ್ಟರು. ಆಕೆ ಚೀಲದಿಂದ ಕಂದು ಬಣ್ಣದ, ಬೂಟಿನಂತೆ ದಾರ ಕಟ್ಟಿದ ಹಳೇ ಚರ್ಮದ ಚೆಂಡು ತೆಗೆದು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಎಲೆಕೋಸನ್ನು ಹಿಲ್ಡಾಳ ಕೈಗೆ ಕೊಟ್ಟರು.

"ಇದೇ ಆ ಚೆಂಡು ಅನ್ನೋಕೆ ಏನು ಆಧಾರ?" ಎಂದರು ಲೋಮ್ಯಾಕ್ಸ್.

"ಆ ದಾರದ ಸಂದೀಲಿ ನೋಡಿ."

ಲೋಮ್ಯಾಕ್ಸ್ ಕನ್ನಡಕ ಏರಿಸಿ ಬಗ್ಗಿದರು. ದಾರದ ಗಂಟಿನ ಕೆಳಗೆ ಕಲ್ಲಿನಂತೆ ಗಟ್ಟಿಯಾದ ಸಕ್ಕರೆಯ ಪದರ. ಅದರೊಳಗೆ ಒಂದು ಒಣದ್ರಾಕ್ಷಿ.

"ಅನುಮಾನ ಇದ್ರೆ ತಿಂದು ನೋಡಿ" ಎಂದರು ಮಿಸೆಸ್ ಆಲರನ್‌ಶಾ.

ಲೋಮ್ಯಾಕ್ಸ್ ತಿನ್ನಲಿಲ್ಲ. ಬೆರಿಲ್ ಕೆಂಪು ಮಫ್ಲರನ್ನು ಅವರ ಕುತ್ತಿಗೆಗೆ ಎರಡು ಸುತ್ತು ಸುತ್ತಿ, "ಒಪ್ಪತ್ತೆ ಚಿನ್ನಾ" ಎಂದಳು. ಅವರು ಜೈ ಎಂದರು. ಮೈಕಿಗೆ ಅದು ಸರಿಯಾಗಿ ಕೇಳಿಸಲಿಲ್ಲವೆಂದು ಜನ ಮತ್ತೊಮ್ಮೆ ಹೇಳಿಸಿದರು.

ಉಳಿದ ಹತ್ತು ನಿಮಿಷವನ್ನು ಕಿತ್ತಳೆ ಚೆಂಡಿನಲ್ಲಿ ಆಡಿದರು. ಕೊನೆಯ ಗಳಿಗೆಯಲ್ಲಿ ರೇವನ್ಸ್‌ಬಿಗೆ ಪೆನಾಲ್ಟಿ ಸಿಕ್ಕಿತು. ಅವರ ಆಟಗಾರ ಓಡಿಬಂದು ಒದ್ದ ಚೆಂಡು ಗೋಲಿನ ಮೇಲೆ, ಗೋಡೆಯ ಮೇಲೆ, ಹೂದಾನಿಯ ಮೇಲೆ ಹಾರಿ ಹಿತ್ತಿಲಿಗೆ ಹೋಯಿತು.

ರೆಫರಿ ಮಿಸೆಸ್ ಆಲರನ್‌ಶಾ ಕಡೆ ತಿರುಗಿದ. ಆಕೆ ಪೈ ತಿನ್ನುತ್ತಿದ್ದರು.

"ನನ್ನ ಯಾಕೆ ನೋಡ್ತೀಯಪ್ಪಾ? ಹೋಗಿ ಬಾಗಿಲು ತಟ್ಟು. ಆದ್ರೆ ಮನೇಲಿ ಯಾರೂ ಇಲ್ಲ."

ರೆಫರಿ ಗಡಿಯಾರ ನೋಡಿಕೊಂಡು ಕೊನೆಯ ವಿಸಿಲ್ ಊದಿದ. ಊದಿದ ಕೂಡಲೇ ಕ್ಲೆಗ್ ಅಂಚಿನಲ್ಲಿ ಬಿದ್ದಿದ್ದ ಒಂದು ಚೆಂಡಿನತ್ತ ಓಡಿದ, ಕಾಲೆತ್ತಿದ, ಗೋಡೆಯನ್ನು ನೋಡಿದ. ಮೆಲ್ಲಗೆ ಕಾಲಿಳಿಸಿ ಚೆಂಡನ್ನು ಎರಡು ಕೈಯಲ್ಲಿ ಎತ್ತಿಕೊಂಡ. ಜನ ಹೊರೇಸನನ್ನೂ ಎತ್ತಿಕೊಂಡರು. ಹೆಗಲ ಮೇಲೆ ಕುಳಿತು ಅವನು ಕನ್ನಡಕ ಹುಡುಕಿದ. ಅದು ಹಣೆಯ ಮೇಲೇ ಇತ್ತು.

ಭಾನುವಾರದ ಊಟಕ್ಕೆ ಹಿಲ್ಡಾ ಆ ಎಲೆಕೋಸನ್ನು ಬೇಯಿಸಿ, ಮಿಸೆಸ್ ಆಲರನ್‌ಶಾ ಅವರನ್ನೂ ಕರೆದಳು. ಮದುವೆಯ ಮಾತು ಇನ್ನೂ ಎತ್ತುವವರಿಗೆ ಆಕೆ, "ಅವನು ಕೇಳಿದ್ದು ಚೆಂಡು. ಕೊಟ್ಟಾಯ್ತು" ಎನ್ನುತ್ತಾರೆ. ಬೆರಿಲ್ ಮಾತ್ರ ಆಸೆ ಬಿಟ್ಟಿಲ್ಲ. ಹೂವನ್ನು ಇನ್ನೂ ನೀರಿಗಿಡುತ್ತಿದ್ದಾರಲ್ಲ ಎನ್ನುತ್ತಾಳೆ.

ಸ್ಕೆಲ್‌ಬೆಕ್ಕಿಗೆ ಮೊದಲ ಸಲ ಬರುವ ರೆಫರಿಗಳಿಗೆ ಈಗ ಒಂದೇ ಗೊಂದಲ. ಚೆಂಡು ಗೋಡೆ ದಾಟಿದರೆ ಇಲ್ಲಿ ಯಾರೂ ಹತ್ತುವುದಿಲ್ಲ, ಕೂಗುವುದಿಲ್ಲ. ಸೂಟು ತೊಟ್ಟ ಒಬ್ಬ ಮಧ್ಯವಯಸ್ಕ ಅಂಚಿನಿಂದ ಎದ್ದು, ಟೈ ಸರಿಮಾಡಿಕೊಂಡು, ಮೈದಾನದ ಗೇಟು ದಾಟಿ, ಬೀದಿ ಸುತ್ತಿ ಮುಂಬಾಗಿಲಿಗೆ ಹೋಗುತ್ತಾನೆ. ಇಪ್ಪತ್ತೆರಡು ಮಂದಿ ಆಟಗಾರರು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಾರೆ. ಎಷ್ಟು ಹೊತ್ತಾಗಬಹುದೆಂದು ರೆಫರಿ ಕೇಳಿದರೆ ಕ್ಲೆಗ್ ಗಂಭೀರವಾಗಿ ಉತ್ತರಿಸುತ್ತಾನೆ:

"ಚಹಾ ಆಗಿದೆ. ಬಿಸ್ಕತ್ತು ನಡೀತಿದೆ. ನೀವು ಅಷ್ಟು ಹೊತ್ತನ್ನ ಆಟದ ಕೊನೇಲಿ ಸೇರಿಸ್ಕೊಳಿ."